ಸಾಲ್ವಿಯಾ ಕೆಂಪಗಿದೆ ಅಂದ್ರೆ ಹೂ ಇದೆ ಅಂತಲ್ಲ

ಕೆಂಪು ಸಾಲ್ವಿಯಾ ಬೆಳೆಸುವವರಿಗೆ ಒಂದಲ್ಲ ಒಂದು ದಿನ ಈ ಗೊಂದಲ ಬಂದೇ ಬರುತ್ತದೆ. ಗಿಡದ ತುಂಬಾ ತೆನೆಗಳಿವೆ. ತೆನೆಗಳೆಲ್ಲ ಕೆಂಪಗೇ ಇವೆ. ದೂರದಿಂದ ನೋಡಿದರೆ ಗಿಡ ಭರ್ತಿ ಹೂವಲ್ಲಿದೆ ಅನ್ನಬೇಕು. ಆದರೂ ಏನೋ ಕಳೆ ಇಲ್ಲ. ಹೋದ ವಾರ ಇದ್ದ ಹೊಳಪು ಈ ವಾರ ಇಲ್ಲ. ನೀರು ಸಾಲಲಿಲ್ವಾ, ಗೊಬ್ಬರ ಕಡಿಮೆ ಆಯ್ತಾ, ಬಿಸಿಲು ಜಾಸ್ತಿ ಆಯ್ತಾ ಅಂತ ಲೆಕ್ಕಾಚಾರ ಶುರುವಾಗುತ್ತದೆ. ಒಂದು ಹಿಡಿ ಗೊಬ್ಬರ ಹಾಕುತ್ತೇವೆ, ಇನ್ನೊಂದು ಚೊಂಬು ನೀರು ಹೊಯ್ಯುತ್ತೇವೆ. ಗಿಡ ಮಾತ್ರ ಹಾಗೇ ನಿಂತಿರುತ್ತದೆ. ಕೆಂಪಗೇನೋ ಇರುತ್ತದೆ, ಆದರೆ ಮಂಕು.

ಈ ಮಂಕು ನನ್ನನ್ನು ಬಹಳ ದಿನ ಕಾಡಿತ್ತು. "ಒಣಗಿದ ಹೂಗಳನ್ನು ಆಗಾಗ ತೆಗೆಯುತ್ತಿರಿ" ಅಂತ ಎಲ್ಲ ಕಡೆ ಬರೆದಿರುತ್ತಾರೆ. ಗುಲಾಬಿಗೆ ಆ ಮಾತು ಸಾಕು, ಎಸಳು ಉದುರಿದ್ದು ಕಣ್ಣಿಗೆ ಕಾಣುತ್ತದೆ. ಚೆಂಡು ಹೂವಿಗೂ ಸಾಕು, ಅದು ಕಂದಿ ಮುದುಡಿಕೊಳ್ಳುತ್ತದೆ. ಸಾಲ್ವಿಯಾದಲ್ಲಿ ಒಣಗಿದ್ದು ಯಾವುದು? ಎಲ್ಲ ಕೆಂಪಗೇ ಇದೆಯಲ್ಲ?

ಉತ್ತರ ಸಿಕ್ಕಿದ್ದು ಒಂದು ಪಾರ್ಕಿನಲ್ಲಿ. ಬೆಳಿಗ್ಗೆ ವಾಕಿಂಗಿಗೆ ಹೋಗಿದ್ದೆ. ದಾರಿಯ ಎರಡೂ ಬದಿಗೆ ಸಾಲ್ವಿಯಾ ಪಾತಿ. ವಯಸ್ಸಾದ ಮಾಲಿಯೊಬ್ಬರು ಕುಕ್ಕರುಗಾಲಲ್ಲಿ ಕೂತು, ಕಚಕಚ ಅಂತ ತೆನೆಗಳನ್ನು ಕತ್ತರಿಸಿ ಗೋಣಿಚೀಲಕ್ಕೆ ಹಾಕುತ್ತಿದ್ದರು. ಚೀಲ ಅರ್ಧ ತುಂಬಿತ್ತು, ಪೂರ್ತಿ ಕೆಂಪು. ನೋಡಿ ಹೊಟ್ಟೆ ಉರಿಯಿತು. ಸುಮ್ನೆ ಹೋಗೋದಕ್ಕಾಗಲಿಲ್ಲ.

"ಅಣ್ಣಾ, ಇಷ್ಟು ಚೆನ್ನಾಗಿರೋ ಹೂನ ಯಾಕೆ ಕತ್ತರಿಸ್ತಿದ್ದೀರಿ?"

ಅವರು ತಲೆ ಎತ್ತಲಿಲ್ಲ. ಚೀಲಕ್ಕೆ ಕೈ ಹಾಕಿ ಒಂದು ತೆನೆ ತೆಗೆದು ನನ್ನತ್ತ ಚಾಚಿದರು. "ಇದ್ರಲ್ಲಿ ಹೂ ಎಲ್ಲಿದೆ ತೋರ್ಸಿ ಮೇಡಂ."

ತಗೊಂಡು ನೋಡಿದೆ. ಬುಡದಿಂದ ತುದಿಯವರೆಗೂ ಕೆಂಪು ಬಟ್ಟಲುಗಳ ಸಾಲು. ಒಂದೊಂದು ಸುತ್ತಿಗೂ ನಾಲ್ಕಾರು ಬಟ್ಟಲು, ಸುತ್ತಿನ ಮೇಲೆ ಸುತ್ತು. ಆದರೆ ಬಟ್ಟಲುಗಳೆಲ್ಲ ಖಾಲಿ. ತುದಿಯಲ್ಲಿ ಮಾತ್ರ ಎರಡು ತೆಳ್ಳನೆಯ ಕೊಳವೆಗಳು ಜೋತು ಬಿದ್ದಿದ್ದವು, ಬೆರಳು ತಾಗಿದ ಕೂಡಲೇ ಅವೂ ಉದುರಿದವು. ಅವರು ಆಗ ತಲೆ ಎತ್ತಿ, ಕೆಳಗಿನ ಒಂದು ಬಟ್ಟಲನ್ನು ಉಗುರಿನಲ್ಲಿ ಸೀಳಿ ತೋರಿಸಿದರು. ಒಳಗೆ ತಳದಲ್ಲಿ ಪುಟ್ಟ ಹಸಿರು ಕಾಳು, ಒತ್ತೊತ್ತಾಗಿ ನಾಲ್ಕು. "ನೋಡಿ, ಹೂ ಹೋಗಿ ಬೀಜ ಆಗೋಗಿದೆ. ಇದನ್ನ ಇಟ್ರೆ ಗಿಡ ಇದಕ್ಕೇ ದುಡಿಯುತ್ತೆ." ಅಷ್ಟು ಹೇಳಿ ಮತ್ತೆ ಕಚಕಚ.

ಕೆಂಪು ಯಾವುದು, ಹೂ ಯಾವುದು

ನಾವು ಹೂ ಅಂತ ನೋಡುತ್ತಿರುವುದರಲ್ಲಿ ಎರಡು ಭಾಗ ಇವೆ. ಹೊರಗಿನ ಬಟ್ಟಲು, ಅಂದರೆ ಶಾಲೆಯಲ್ಲಿ ಪುಷ್ಪಪಾತ್ರೆ ಅಂತ ಓದಿದ್ದು. ಅದರೊಳಗಿನಿಂದ ಹೊರಚಾಚುವ ಉದ್ದ ಕೊಳವೆ, ಅದು ನಿಜವಾದ ಎಸಳುಗಳ ಭಾಗ. ಬೇರೆ ಬಹಳಷ್ಟು ಹೂಗಳಲ್ಲಿ ಹೊರಗಿನ ಬಟ್ಟಲು ಹಸಿರಾಗಿರುತ್ತದೆ, ಹಾಗಾಗಿ ಎಸಳು ಉದುರಿದ ಮೇಲೆ ನಮಗೆ ಅದು ಕಾಣುವುದೂ ಇಲ್ಲ. ಕೆಂಪು ಸಾಲ್ವಿಯಾದಲ್ಲಿ, ಅಂದರೆ ಸಾಲ್ವಿಯಾ ಸ್ಪ್ಲೆಂಡೆನ್ಸ್‌ನಲ್ಲಿ, ಎರಡಕ್ಕೂ ಒಂದೇ ಬಣ್ಣ. ಕೊಳವೆ ಕೆಲವೇ ದಿನ ಇದ್ದು ಉದುರಿಹೋಗುತ್ತದೆ. ಬಟ್ಟಲು ವಾರಗಟ್ಟಲೆ ಕೆಂಪಾಗಿ ಉಳಿಯುತ್ತದೆ. ಪಾರ್ಕುಗಳಲ್ಲಿ, ರಸ್ತೆ ಮಧ್ಯದ ಪಾತಿಗಳಲ್ಲಿ ಈ ಗಿಡ ಇಷ್ಟು ಜನಪ್ರಿಯ ಆಗಿದ್ದಕ್ಕೆ ಇದೇ ಕಾರಣ ಅಂತ ನನಗನಿಸುತ್ತದೆ. ಹೂ ಹೋದ ಮೇಲೂ ಹೂ ಇದ್ದ ಹಾಗೆ ಕಾಣುವ ಗಿಡ ಇನ್ನೆಲ್ಲಿ ಸಿಗುತ್ತದೆ?

ಮನೆಯಲ್ಲಿ ಬೆಳೆಸುವವರಿಗೆ ಮಾತ್ರ ಇದೇ ತಲೆನೋವು. ಬಣ್ಣ ನೋಡಿ ನಿರ್ಧಾರ ಮಾಡಿದರೆ ಪ್ರತಿ ಸಲವೂ ತಡವಾಗುತ್ತದೆ. ಕೊಳವೆ ಉದುರಿದ ಮೇಲೆ ಬಟ್ಟಲೊಳಗೆ ಬೀಜ ಬಲಿಯುತ್ತಿರುತ್ತದೆ. ತೋಟದ ತಳಿಗಳು ತಮ್ಮದೇ ಪರಾಗದಿಂದಲೂ ಬೀಜ ಕಟ್ಟಬಲ್ಲವು, ಯಾವ ನೊಣ, ಹಕ್ಕಿಗೂ ಕಾಯಬೇಕಾಗಿಲ್ಲ. ಬೀಜಕ್ಕೆ ಶಕ್ತಿ ಹೋಗುತ್ತಾ ಹೋದಂತೆ ಹೊಸ ತೆನೆ ಬರುವುದು ನಿಧಾನವಾಗುತ್ತದೆ. ಅದೇ ನಾವು ನೋಡುವ ಮಂಕು. ಗೊಬ್ಬರ ಹಾಕಿದರೆ ಹೋಗುವ ಮಂಕಲ್ಲ ಅದು.

ಹಾಗಾಗಿ ನಾನು ಈಗ ಬಣ್ಣ ನೋಡುವುದೇ ಇಲ್ಲ, ಕೊಳವೆ ನೋಡುತ್ತೇನೆ. ತೆನೆಯಲ್ಲಿ ಮುಕ್ಕಾಲು ಪಾಲು ಕೊಳವೆ ಉದುರಿದ್ದರೆ ಅದು ಕತ್ತರಿಗೆ ಸಿದ್ಧ. ಮೇಲೆ ಇನ್ನೂ ಎರಡು ಮೊಗ್ಗಿದೆಯಲ್ಲ ಅಂತ ಆಸೆ ಪಡುವುದಿಲ್ಲ. ಎಲ್ಲಿ ಕತ್ತರಿಸಬೇಕು ಅನ್ನುವುದೂ ಮುಖ್ಯ. ಕೆಲವರು ತೆನೆಯ ತುದಿಯನ್ನಷ್ಟೇ ಕಿತ್ತು ಬರಿ ಕಡ್ಡಿ ಬಿಡುತ್ತಾರೆ. ಆ ಕಡ್ಡಿ ಒಣಗುತ್ತಾ ನಿಲ್ಲುತ್ತದೆ, ಅಸಹ್ಯ ಬೇರೆ. ತೆನೆಯಿಂದ ಕೆಳಗೆ ಬನ್ನಿ. ಮೊದಲ ಜೋಡಿ ಎಲೆಗಳ ಕಂಕುಳಲ್ಲಿ ಸಣ್ಣ ಚಿಗುರು ಕೂತಿರುತ್ತದೆ, ಎಡಕ್ಕೊಂದು ಬಲಕ್ಕೊಂದು. ಅದರ ಮೇಲಕ್ಕೇ ಕತ್ತರಿಸಿದರೆ ಆ ಎರಡೂ ಚಿಗುರು ಎದ್ದು, ಒಂದು ತೆನೆ ಇದ್ದ ಕಡೆ ಎರಡು ಬರುತ್ತವೆ. ಸಾಲ್ವಿಯಾ ತುಳಸಿ, ಪುದೀನಗಳ ಕುಟುಂಬದ್ದು. ಕಾಂಡ ಚೌಕ, ಎಲೆ ಎದುರು ಬದುರು. ಹಾಗಾಗಿ ಚಿಗುರೂ ಜೋಡಿ ಜೋಡಿಯಾಗೇ ಬರುತ್ತದೆ. ತುಳಸಿಯ ಕುಡಿ ಚಿವುಟಿ ಅಭ್ಯಾಸ ಇರುವವರಿಗೆ ಇದನ್ನು ಹೇಳಿಕೊಡುವ ಅಗತ್ಯವೇ ಇಲ್ಲ.

ಬೀಜ ಕಟ್ಟುವುದಕ್ಕೂ ಹೂ ನಿಲ್ಲುವುದಕ್ಕೂ ಇರುವ ಈ ನಂಟಿಗೆ ಒಳ್ಳೆ ಸಾಕ್ಷಿ 'ಇಂಡಿಗೋ ಸ್ಪೈರ್ಸ್' ಅನ್ನುವ ನೀಲಿ ಮಿಶ್ರತಳಿ. ಇದು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಸಸ್ಯೋದ್ಯಾನದಲ್ಲಿ ಸಿಕ್ಕಿದ್ದು, ಯಾರೂ ಬೇಕೆಂದು ಮಾಡಿದ್ದಲ್ಲ. ಅದು ಬೀಜ ಕಟ್ಟುವುದಿಲ್ಲ. ಅದಕ್ಕೆ ತೆನೆ ಉದ್ದ ಆಗುತ್ತಲೇ ಹೋಗುತ್ತದೆ, ಬಾಗಿ ತಿರುಚಿಕೊಂಡು ತಿಂಗಳುಗಟ್ಟಲೆ ಹೂ ಬಿಡುತ್ತದೆ. ನಾವು ಕೆಂಪು ಸಾಲ್ವಿಯಾಗೆ ಕತ್ತರಿಯಲ್ಲಿ ಮಾಡುವ ಕೆಲಸ ಇದಕ್ಕೆ ಹುಟ್ಟಿನಿಂದಲೇ ಆಗಿಬಿಟ್ಟಿದೆ.

ಇದೇ ಆಟ ಬೇರೆ ಸಾಲ್ವಿಯಾಗಳಲ್ಲೂ ಇದೆ, ಒಂದೊಂದರಲ್ಲಿ ಒಂದೊಂದು ರೀತಿ. ನೀಲಿ ತೆನೆಯ ಫಾರಿನೇಸಿಯಾದ ಬಟ್ಟಲಿನ ಮೇಲೆ ಹಿಟ್ಟು ಉದುರಿಸಿದಂಥ ಸಣ್ಣ ರೋಮ ಇರುತ್ತದೆ, ಹೂ ಹೋದ ಮೇಲೂ ಅದು ನೀಲಿಯಾಗೇ ಕಾಣುತ್ತದೆ. ಮೆಕ್ಸಿಕೋದ ಲ್ಯೂಕಾಂತಾದಲ್ಲಿ ಬಟ್ಟಲು ನೇರಳೆ ಮಖಮಲ್ಲು, ಹೂ ಬಿಳಿ. ಹಾಗಾಗಿ ಅಲ್ಲಿ ಮೋಸ ಹೋಗುವುದು ಕಷ್ಟ, ಬಿಳಿ ಕಾಣದಿದ್ದರೆ ಹೂ ಇಲ್ಲ ಅಂತಲೇ ಅರ್ಥ. ಇನ್ನು ಸಾಲ್ವಿಯಾ ವಿರಿಡಿಸ್ ಅಂತೂ ಪೂರ್ತಿ ನಾಟಕ. ಅದರ ಹೂ ಕಣ್ಣಿಗೆ ಬೀಳದಷ್ಟು ಚಿಕ್ಕದು. ತುದಿಯಲ್ಲಿರುವ ಗುಲಾಬಿ, ನೇರಳೆ ಎಲೆಗಳನ್ನೇ ಜನ ಹೂ ಅಂತ ಹೂದಾನಿಗೆ ಇಡುತ್ತಾರೆ.

ಎಲ್ಲಕ್ಕೂ ಒಂದೇ ಕತ್ತರಿ ಅಲ್ಲ

"ಸಾಲ್ವಿಯಾನ ಯಾವಾಗ ಕತ್ತರಿಸಬೇಕು?" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಯಾವ ಸಾಲ್ವಿಯಾ? ಇದರಲ್ಲಿ ಸುಮಾರು 1000 ಪ್ರಭೇದಗಳಿವೆ. ಚಿಯಾ ಬೀಜ ಕೊಡುವ ಗಿಡವೂ ಒಂದು ಸಾಲ್ವಿಯಾ. ಅಷ್ಟು ಸಾಲದು ಅಂತ ರೋಸ್‌ಮೇರಿಯನ್ನೂ ಸಸ್ಯವಿಜ್ಞಾನಿಗಳು ಇದೇ ಗುಂಪಿಗೆ ಸೇರಿಸಿದ್ದಾರೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2019ರಲ್ಲಿ ಆ ಬದಲಾವಣೆಯನ್ನು ಒಪ್ಪಿಕೊಂಡಿತು. ಹೀಗಿರುವಾಗ ಎಲ್ಲಕ್ಕೂ ಒಂದೇ ನಿಯಮ ಎಲ್ಲಿಂದ ಬರಬೇಕು?

ಕೆಂಪು ಸ್ಪ್ಲೆಂಡೆನ್ಸ್, ಕಾಕ್ಸಿನಿಯಾ, ನೀಲಿ ಫಾರಿನೇಸಿಯಾ ಇವೆಲ್ಲ ಮೆತ್ತಗಿನ ಕಾಂಡದವು. ಇವುಗಳಿಗೆ ಯಾವಾಗ ಬೇಕಾದರೂ ಕತ್ತರಿ ಹಾಕಬಹುದು, ಬೇಜಾರು ಮಾಡಿಕೊಳ್ಳುವುದಿಲ್ಲ. ಸಸಿ ಮೂರು ನಾಲ್ಕು ಜೊತೆ ಎಲೆ ಬಿಟ್ಟಾಗಲೇ ಕುಡಿ ಚಿವುಟಿದರೆ ಗಿಡ ಪೊದೆಯಾಗುತ್ತದೆ. ಇಲ್ಲದಿದ್ದರೆ ನಡುವೆ ಒಂದೇ ತೆನೆ ನೆಟ್ಟಗೆ ನಿಂತು, ಸುತ್ತ ಬರಿ ಎಲೆ. ನರ್ಸರಿಯಿಂದ ತರುವ ಸಸಿಯಲ್ಲಿ ಆಗಲೇ ಒಂದು ತೆನೆ ಇರುತ್ತದಲ್ಲ, ಅದನ್ನು ನೆಟ್ಟ ದಿನವೇ ಚಿವುಟಿ ಅಂದರೆ ಯಾರೂ ಕೇಳುವುದಿಲ್ಲ. ಅದನ್ನು ನೋಡಿಯೇ ಕೊಂಡಿರುತ್ತಾರೆ, ಪಾಪ.

ಸಣ್ಣ ಎಲೆಯ, ಪೊದೆಯಾಗಿ ಬೆಳೆಯುವ ಗ್ರೆಗಿ, ಮೈಕ್ರೋಫಿಲ್ಲಾ ಮತ್ತು ಅವೆರಡರ ಮಿಶ್ರತಳಿಗಳ ಕಥೆ ಬೇರೆ. ಇವುಗಳ ಹೂ ತಾನಾಗೇ ಉದುರುತ್ತದೆ, ಬಟ್ಟಲೂ ಅಷ್ಟು ಎದ್ದು ಕಾಣುವುದಿಲ್ಲ. ಒಂದೊಂದೇ ತೆನೆ ಹಿಡಿದು ಕೂರುವ ಕೆಲಸ ಇಲ್ಲ. ಒಂದು ಸುತ್ತು ಹೂ ಮುಗಿದ ಮೇಲೆ ಇಡೀ ಪೊದೆಯನ್ನು ಮೂರನೇ ಒಂದು ಭಾಗ ಸವರಿಬಿಟ್ಟರೆ ಸಾಕು. ಆದರೆ ಬುಡದ ಕಡೆ ಕಾಂಡ ಮರದಂತೆ ಗಟ್ಟಿಯಾಗಿರುತ್ತದೆ, ಅಲ್ಲಿ ಎಲೆ ಇರುವುದಿಲ್ಲ. ಆ ಬೋಳು ಕಾಂಡದವರೆಗೆ ಕತ್ತರಿಸಿದರೆ ಗಿಡ ಮತ್ತೆ ಚಿಗುರದೇ ಹೋಗಬಹುದು. ಹಸಿರು ಚಿಗುರು ಕಾಣುವಷ್ಟು ಮೇಲಕ್ಕೇ ನಿಲ್ಲಬೇಕು. ಹಿಮ ಬೀಳುವ ಕಡೆ ಇರುವವರು ಚಳಿಗೆ ಮುಂಚೆ ಜೋರಾಗಿ ಕತ್ತರಿಸಬಾರದು. ಹಳೇ ಕೊಂಬೆಗಳೇ ಬುಡವನ್ನು ಒಂದಿಷ್ಟು ಕಾಯುತ್ತವೆ, ಚಳಿ ಪೂರ್ತಿ ಹೋದ ಮೇಲೆ ಕತ್ತರಿ ಹಿಡಿದರೆ ಸಾಕು. ಈ ಗುಂಪಿನಲ್ಲಿ 'ಹಾಟ್ ಲಿಪ್ಸ್' ಅಂತ ಒಂದು ತಳಿ ಇದೆ. ಅರ್ಧ ಕೆಂಪು ಅರ್ಧ ಬಿಳಿ ಹೂ. ಹವೆ ಬದಲಾದಂತೆ ಅದೇ ಗಿಡದಲ್ಲಿ ಪೂರ್ತಿ ಕೆಂಪು, ಪೂರ್ತಿ ಬಿಳಿ ಹೂವೂ ಬರುತ್ತದೆ. ಬಣ್ಣ ಬದಲಾಯ್ತು, ಬೇರೆ ಗಿಡ ಕೊಟ್ಟು ಮೋಸ ಮಾಡಿದರು ಅಂತ ಜಗಳಕ್ಕೆ ಹೊರಟವರನ್ನು ನೋಡಿದ್ದೇನೆ.

ತಂಪು ಪ್ರದೇಶದ ನೆಮೊರೋಸಾಗೆ ಇಷ್ಟು ನಾಜೂಕು ಬೇಡ. ಕಪ್ಪು ಕಾಂಡದ 'ಕ್ಯಾರಡೋನಾ' ಈ ಜಾತಿಯದ್ದೇ. ಮೊದಲ ಸುತ್ತಿನ ಹೂ ಮುಗಿದ ಕೂಡಲೇ ಬುಡದ ಎಲೆಗಳ ಮಟ್ಟಕ್ಕೆ ಇಡೀ ಗಿಡವನ್ನು ಕತ್ತರಿಸಿಬಿಡಬಹುದು. ಎರಡನೇ ಸುತ್ತು ಬರುತ್ತದೆ, ಮೊದಲಿನಷ್ಟು ದಟ್ಟ ಇರುವುದಿಲ್ಲ ಅಷ್ಟೇ.

ನಿಜಕ್ಕೂ ಎಚ್ಚರ ಬೇಕಾಗಿರುವುದು ಲ್ಯೂಕಾಂತಾ ಮತ್ತು ಅನಾನಸ್ ವಾಸನೆಯ ಎಲಿಗನ್ಸ್ ವಿಷಯದಲ್ಲಿ. ಇವು ಹಗಲು ಚಿಕ್ಕದಾಗುತ್ತಾ ಬಂದಾಗ ಮೊಗ್ಗು ಹಾಕುವ ಗಿಡಗಳು. ಬೇಸಿಗೆಯ ಮಧ್ಯದವರೆಗೆ ಎಷ್ಟು ಚಿವುಟಿದರೂ ಒಳ್ಳೆಯದೇ, ಕವಲು ಜಾಸ್ತಿಯಾಗುತ್ತದೆ. ಆಮೇಲೆ ಕೈ ಕಟ್ಟಿ ಕೂರಬೇಕು. ಮೊಗ್ಗು ಹಾಕಲು ತಯಾರಾದ ತುದಿಯನ್ನೇ ಕತ್ತರಿಸಿದರೆ ಆ ವರ್ಷದ ಹೂವು ತಡವಾಗುತ್ತದೆ, ಚಳಿ ಬೇಗ ಬರುವ ಕಡೆ ಸಿಗದೇ ಹೋಗುವುದೂ ಉಂಟು. "ನಮ್ಮ ಗಿಡ ಆಳೆತ್ತರ ಬೆಳೆದಿದೆ, ಒಂದು ಹೂವೂ ಇಲ್ಲ" ಅನ್ನುವ ದೂರು ಬೇಸಿಗೆಯಲ್ಲಿ ಬಂದರೆ ನಾನು ಹೇಳುವುದು ಒಂದೇ, ಕಾಯಿರಿ.

ಹುಲ್ಲುಕಡ್ಡಿಯ ಪ್ರಯೋಗ

ಗೆಳತಿಯೊಬ್ಬಳ ತೋಟದಲ್ಲಿ ಪ್ರಾಟೆನ್ಸಿಸ್ ಅನ್ನುವ ನೀಲಿ ಸಾಲ್ವಿಯಾ ಇದೆ. ಬಯಲು ಹುಲ್ಲುಗಾವಲಿನ ಗಿಡ. ಹೂ ಸ್ವಲ್ಪ ದೊಡ್ಡದು, ಮೇಲ್ತುಟಿ ಕುಡುಗೋಲಿನಷ್ಟು ಬಾಗಿರುತ್ತದೆ. ಅವಳ ಮಗ ಆಗಿನ್ನೂ ಸ್ಕೂಲಿಗೆ ಸೇರಿರಲಿಲ್ಲ. ಒಂದು ಹುಲ್ಲುಕಡ್ಡಿ ಹಿಡಿದು ಸಿಕ್ಕ ಸಿಕ್ಕ ಹೂವಿನ ಬಾಯಿಗೆ ತುರುಕುವುದು ಅವನ ಅವತ್ತಿನ ಕೆಲಸ. ಗದರಿಸಲು ಹೋದವಳು ಅವನ ಪಕ್ಕದಲ್ಲೇ ಕೂತುಬಿಟ್ಟೆ. ಯಾಕೆಂದರೆ ಕಡ್ಡಿ ಒಳಗೆ ಹೋದ ಕೂಡಲೇ, ಮೇಲ್ತುಟಿಯೊಳಗೆ ಅಡಗಿದ್ದ ಎರಡು ಕೇಸರಗಳು ಬಾಗಿ ಕೆಳಗಿಳಿದು ಕಡ್ಡಿಯ ಬೆನ್ನಿಗೆ ಹಳದಿ ಪುಡಿ ಬಳಿದವು. ಕಡ್ಡಿ ಹಿಂದೆ ಎಳೆದರೆ ಮತ್ತೆ ಮೇಲಕ್ಕೆ. ತಳ್ಳಿದರೆ ಕೆಳಕ್ಕೆ, ಎಳೆದರೆ ಮೇಲಕ್ಕೆ. ಥೇಟ್ ಏತ. "ಆಂಟಿ, ಇದು ಕಚ್ತಿದೆ" ಅಂತ ಅವನಿಗೆ ಖುಷಿಯೋ ಖುಷಿ.

ಇದರ ಒಳಗುಟ್ಟು ಹೀಗಿದೆ. ಈ ಹೂವಿನ ಪ್ರತಿ ಕೇಸರ ನಡುವೆ ಒಂದು ಕೀಲಿನ ಮೇಲೆ ಕೂತಿದೆ. ಮೇಲಿನ ತೋಳು ಉದ್ದ, ಅದರ ತುದಿಯಲ್ಲಿ ಪರಾಗ. ಕೆಳಗಿನ ತೋಳು ಗಿಡ್ಡ, ಅದರಲ್ಲಿ ಪರಾಗ ಇಲ್ಲ. ಅದು ಹೂವಿನ ಗಂಟಲಿಗೆ ಅಡ್ಡ ಬಾಗಿಲಾಗಿ ನಿಂತಿರುತ್ತದೆ. ಮಕರಂದಕ್ಕೆ ಬಂದ ಜೇನು ಆ ಬಾಗಿಲನ್ನು ತಲೆಯಿಂದ ದೂಡಿದರೆ ಉದ್ದ ತೋಳು ಬಾಗಿ ಬೆನ್ನಿಗೆ ಬಡಿಯುತ್ತದೆ. ಮುಂದಿನ ಹಂತ ಇನ್ನೂ ಚೆಂದ. ಹೂವಿಗೆ ವಯಸ್ಸಾದಂತೆ ಪರಾಗ ಮುಗಿಯುತ್ತದೆ, ಆಗ ಹೆಣ್ಣಿನ ಭಾಗ ಉದ್ದವಾಗಿ ಕೆಳಗೆ ಬಾಗಿ, ಜೇನಿನ ಬೆನ್ನಿನ ಅದೇ ಜಾಗವನ್ನು ಸವರುತ್ತದೆ. ಬೇರೆ ಹೂವಿಂದ ತಂದ ಪರಾಗ ಅಲ್ಲೇ ಇರುತ್ತದಲ್ಲ. ಜರ್ಮನಿಯ ಶಾಲಾ ಮೇಷ್ಟ್ರು ಕ್ರಿಸ್ಟಿಯಾನ್ ಕೊನ್ರಾಡ್ ಸ್ಪ್ರೆಂಗೆಲ್ ಇದನ್ನು 1793ರಲ್ಲೇ ಬರೆದಿಟ್ಟಿದ್ದರು.

ಇದಕ್ಕೂ ಗಿಡದ ಆರೈಕೆಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಹೂವಿನ ಬಾಯೊಳಗೆ ಒಮ್ಮೆ ನೋಡಿದ ಮೇಲೆ ಯಾವುದು ಹೊಸ ಹೂ, ಯಾವುದು ಹಳೇ ಹೂ, ಯಾವುದು ಬರಿ ಬಟ್ಟಲು ಅಂತ ಕಣ್ಣು ತಾನೇ ಕಲಿತುಬಿಡುತ್ತದೆ. ಇನ್ನೊಂದು ಅನುಕೂಲವೂ ಉಂಟು. ಜೇನಿಗಾಗಿ ಸಾಲ್ವಿಯಾ ಹಾಕಬೇಕು ಅನ್ನುವವರು ಕೆಂಪು ಸ್ಪ್ಲೆಂಡೆನ್ಸ್ ತಂದು ನಿರಾಶರಾಗುತ್ತಾರೆ. ಬ್ರೆಜಿಲಿನ ಈ ಗಿಡದ ಉದ್ದ ಕೊಳವೆ ಹಮ್ಮಿಂಗ್ ಬರ್ಡ್ ಕೊಕ್ಕಿಗೆ ಆಗಿರುವ ಅಳತೆ, ಜೇನಿನ ನಾಲಿಗೆ ತಳ ಮುಟ್ಟುವುದಿಲ್ಲ. ದೊಡ್ಡ ಕರಿ ದುಂಬಿಗಳು ಬರುತ್ತವೆ, ಆದರೆ ಬಾಗಿಲಿಗೆ ಬರುವುದಿಲ್ಲ. ಉದ್ದ ಕೊಳವೆಯ ಸಾಲ್ವಿಯಾಗಳ ಬುಡಕ್ಕೆ ತೂತು ಕೊರೆದು ಮಕರಂದ ಕದ್ದು ಹೋಗುತ್ತವೆ. ಕೊಳವೆಯ ಬುಡದಲ್ಲಿ ಸಣ್ಣ ಸೀಳು ಕಂಡರೆ ರೋಗ ಅಂತ ಔಷಧಿ ಹೊಡೆಯಬೇಡಿ, ಕಳ್ಳತನ ಆಗಿದೆ ಅಷ್ಟೇ. ಜೇನೇ ಬೇಕು ಅಂದರೆ ನೀಲಿ ಫಾರಿನೇಸಿಯಾ ಹಾಕಿ.

ಬಾಡಿದ ಎಲೆಯ ಮಾತು ನಂಬಬೇಡಿ

ಕೆಂಪು ಬಟ್ಟಲಿನ ಹಾಗೇ ನಂಬಬಾರದ ಇನ್ನೊಂದು ಸಂಗತಿ ಸ್ಪ್ಲೆಂಡೆನ್ಸ್‌ನ ಎಲೆ. ಅಗಲ ಎಲೆ, ತೆಳುವಾದದ್ದು. ಮಧ್ಯಾಹ್ನದ ಬಿಸಿಲಿಗೆ ಪೂರ್ತಿ ಜೋತುಬಿದ್ದು ಸತ್ತೇಹೋಯಿತು ಅನ್ನುವಷ್ಟು ನಾಟಕ ಮಾಡುತ್ತದೆ. ನೋಡಿದವರು ಓಡಿಹೋಗಿ ನೀರು ಸುರಿಯುತ್ತಾರೆ. ಸಂಜೆ ಗಿಡ ಎದ್ದು ನಿಂತಾಗ, ನೀರು ಹಾಕಿದ್ದಕ್ಕೇ ಉಳಿಯಿತು ಅಂತ ಸಮಾಧಾನ. ನೀರು ಹಾಕದಿದ್ದರೂ ಬಹಳ ಸಲ ಅದು ಏಳುತ್ತಿತ್ತು. ಎಲೆಯಿಂದ ಆವಿಯಾಗುವ ವೇಗಕ್ಕೆ ಬೇರಿನಿಂದ ನೀರು ಬರುವುದು ಸಾಲದೇ ಇದ್ದಾಗ ಎಲೆ ಜೋಲುತ್ತದೆ, ಬಿಸಿಲು ಇಳಿದರೆ ಸರಿಹೋಗುತ್ತದೆ. ತೊಂದರೆ ಏನೆಂದರೆ, ನೀರು ಜಾಸ್ತಿಯಾಗಿ ಬೇರು ಕೊಳೆತಾಗಲೂ ಎಲೆ ಹೀಗೇ ಜೋಲುತ್ತದೆ. ಎರಡೂ ನೋಡಲು ಒಂದೇ. ಆಗ ಇನ್ನೊಂದು ಚೊಂಬು ಹಾಕಿದರೆ ಕಥೆ ಮುಗಿದ ಹಾಗೆ.

ಅದಕ್ಕೆ ಎಲೆ ಬಿಟ್ಟು ಮಣ್ಣು ಕೇಳಬೇಕು. ಕುಂಡದ ಮಣ್ಣಿಗೆ ಬೆರಳನ್ನು ಎರಡನೇ ಗೆಣ್ಣಿನವರೆಗೆ ತೂರಿಸಿ. ಒಳಗೆ ತಂಪಿದ್ದರೆ ಸುಮ್ಮನಿರಿ. ಪೂರ್ತಿ ಒಣಗಿದ್ದರೆ ಮಾತ್ರ ಚೆನ್ನಾಗಿ ತಳಕ್ಕೆ ಇಳಿಯುವಷ್ಟು ನೀರು. ಬೆಳಿಗ್ಗೆ ಎದ್ದಾಗಲೂ ಗಿಡ ಬಾಡಿದ್ದರೆ ಅದು ನಿಜವಾದ ಬಾಡು, ಆಗ ತಕ್ಷಣ ಬೇರು ನೋಡಿ.

"ಸಾಲ್ವಿಯಾ ಬರ ತಾಳುವ ಗಿಡ" ಅನ್ನುವ ಮಾತೂ ಅರ್ಧ ಸತ್ಯ. ಸಣ್ಣ ಎಲೆಯ ಗ್ರೆಗಿ, ಟೆಕ್ಸಸ್ ಮೆಕ್ಸಿಕೋ ಕಡೆಯ ಫಾರಿನೇಸಿಯಾ ಇವಕ್ಕೆ ಆ ಮಾತು ಸರಿ. ಸ್ಪ್ಲೆಂಡೆನ್ಸ್ ಬೆಚ್ಚಗಿನ ತೇವದ ಜಾಗದಿಂದ ಬಂದದ್ದು, ಅದಕ್ಕೆ ಬರ ಅಂದರೆ ಆಗದು. ಬೆಳಗಿನ ಬಿಸಿಲು ಪೂರ್ತಿ ಇದ್ದು ಮಧ್ಯಾಹ್ನದ ಮೇಲೆ ಸ್ವಲ್ಪ ನೆರಳು ಸಿಕ್ಕರೆ ಬಣ್ಣ ಚೆನ್ನಾಗಿ ನಿಲ್ಲುತ್ತದೆ. ಉಳಿದ ಬಹುಪಾಲು ಸಾಲ್ವಿಯಾಗಳಿಗೆ ದಿನಕ್ಕೆ ಆರು ಗಂಟೆ ಬಿಸಿಲಾದರೂ ಬೇಕು. ನೆರಳಲ್ಲಿ ಉದ್ದ ಬೆಳೆದು ಮಲಗಿಬಿಡುತ್ತವೆ.

ಗೊಬ್ಬರದ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ನೆಡುವಾಗ ಮಣ್ಣಿಗೆ ಬೆರೆಸಿದ್ದೇ ನೆಲದಲ್ಲಿರುವ ಗಿಡಕ್ಕೆ ಹೆಚ್ಚುಕಡಿಮೆ ಸಾಕು. ಸಾರಜನಕ ಜಾಸ್ತಿಯಾದರೆ ಎಲೆ ಸೊಂಪಾಗಿ, ಹೂ ಕಡಿಮೆಯಾಗಿ, ಕಾಂಡ ಮೆತ್ತಗಾಗುತ್ತದೆ. ಮೆತ್ತಗಿನ ಕಾಂಡಕ್ಕೆ ಹೇನು, ಬಿಳಿ ನೊಣ ಬೇಗ ಮುತ್ತುತ್ತವೆ. ಎಲೆಯ ಹಿಂಬದಿ ತಿರುಗಿಸಿ ನೋಡುವ ಅಭ್ಯಾಸ ಇದ್ದರೆ ಇವನ್ನು ನೀರಿನ ರಭಸದಲ್ಲೇ ತೊಳೆದುಬಿಡಬಹುದು. ಒಣ ಹವೆಯಲ್ಲಿ ನುಸಿ ಬರುತ್ತದೆ, ಗಾಳಿ ಆಡದೆ ಗಿಡಗಳು ಒತ್ತಿಕೊಂಡಿದ್ದರೆ ಬೂದಿ ರೋಗ. ಗೊಂಡೆಹುಳು, ಬಸವನಹುಳುಗಳಿಗೆ ಎಳೇ ಸಸಿ ಅಂದರೆ ಪ್ರಾಣ, ರಾತ್ರೋರಾತ್ರಿ ಕಾಂಡವಷ್ಟೇ ಉಳಿಯುತ್ತದೆ.

ಒಂದು ಸೀಸನ್ ಗಿಡ ಅಂದವರು ಯಾರು?

ಕೆಂಪು ಸಾಲ್ವಿಯಾದ ಬೀಜದ ಪೊಟ್ಟಣದ ಮೇಲೆ 'ವಾರ್ಷಿಕ' ಅಂತ ಬರೆದಿರುತ್ತದೆ. ಪಾತಿಯವರೂ ಹಾಗೇ ನಡೆಸಿಕೊಳ್ಳುತ್ತಾರೆ. ಸಾಲಾಗಿ ನೆಟ್ಟು, ಬಣ್ಣ ನೋಡಿ, ಸೀಸನ್ ಮುಗಿದ ಮೇಲೆ ಬೇರು ಸಮೇತ ಕಿತ್ತು ಇನ್ನೊಂದು ಗಿಡ. ತವರಿನಲ್ಲಿ ಇದು ವರ್ಷಗಟ್ಟಲೆ ಬದುಕುವ ಗಿಡ. ಮೂರು ನಾಲ್ಕು ಅಡಿ ಎತ್ತರ ಬೆಳೆಯುತ್ತದೆ. ಮೊಣಕಾಲೆತ್ತರವೂ ಬಾರದ ಕುಳ್ಳ ತಳಿಗಳನ್ನು ಮಾಡಿದ್ದು ನಾವು, ಪಾತಿಯಲ್ಲಿ ಸಮವಾಗಿ ಕಾಣಲಿ ಅಂತ. ಚಳಿಗೆ ಸಾಯುವ ಊರುಗಳಲ್ಲಿ ವಾರ್ಷಿಕ ಅನ್ನುವುದು ಸರಿ. ಹಿಮ ಬೀಳದ ಕಡೆಯೂ ಯಾಕೆ ಕಿತ್ತೆಸೆಯಬೇಕು ಅನ್ನುವುದು ನನ್ನ ಪ್ರಶ್ನೆ.

ಹಾಗಂತ ಹಳೇ ಗಿಡ ಹೊಸದರಷ್ಟೇ ಚೆನ್ನಾಗಿರುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಎರಡನೇ ವರ್ಷಕ್ಕೆ ಬುಡ ಮರದಂತಾಗುತ್ತದೆ, ಕೆಳಗೆಲ್ಲ ಬೋಳು, ತುದಿಯಲ್ಲಿ ಮಾತ್ರ ಹೂ. ಗಿಡವನ್ನು ತಗ್ಗಿಸಿ ಕತ್ತರಿಸಿದರೆ ಕೆಲವು ದಟ್ಟವಾಗಿ ಚಿಗುರುತ್ತವೆ, ಕೆಲವು ಚಿಗುರುವುದಿಲ್ಲ. ಆದ್ದರಿಂದ ಕತ್ತರಿಸುವ ಮುಂಚೆ ಕಡ್ಡಿ ನೆಟ್ಟುಕೊಳ್ಳುವುದು ಜಾಣತನ.

ಕಡ್ಡಿಗೆ ಹೂ ಇಲ್ಲದ ಎಳೇ ಕೊಂಬೆ ಬೇಕು. ಬಗ್ಗಿಸಿದರೆ ಬಾಗಬೇಕು, ಆದರೆ ತೀರಾ ನೀರು ನೀರಾಗಿರಬಾರದು. ಮೂರು ನಾಲ್ಕು ಇಂಚು ಉದ್ದ, ಗೆಣ್ಣಿನ ಕೆಳಗೇ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮೇಲಿನ ಎಲೆ ದೊಡ್ಡದಿದ್ದರೆ ಅರ್ಧಕ್ಕೆ ಕತ್ತರಿಸಿ, ತೇವ ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ. ನೆರಳಲ್ಲಿ ಇಡಿ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ. ನೋಡಬೇಕು ಅಂತ ಕಿತ್ತು ನೋಡಬೇಡಿ, ಮೆಲ್ಲಗೆ ಎಳೆದಾಗ ಬಿಗಿ ಹಿಡಿದರೆ ಬೇರು ಬಂದಿದೆ. ಇಲ್ಲೂ ಮೇಲಿನ ಎಲೆ ಹಸಿರಾಗಿರುವುದಕ್ಕೂ ಕೆಳಗೆ ಬೇರು ಬಂದಿರುವುದಕ್ಕೂ ಸಂಬಂಧ ಇಲ್ಲ. ಬೇರಿಲ್ಲದ ಕಡ್ಡಿಯೂ ವಾರಗಟ್ಟಲೆ ಹಸಿರಾಗೇ ಇರಬಲ್ಲದು. ಈ ಗಿಡಕ್ಕೆ ಆಗಲೇ ಅಭ್ಯಾಸ, ಏನು ಮಾಡೋದು.

ಬೀಜದಿಂದ ಬೆಳೆಸುವುದೂ ಕಷ್ಟ ಅಲ್ಲ. ಬೀಜವನ್ನು ಮಣ್ಣಿನೊಳಗೆ ಹೂತುಬಿಡಬಾರದು, ಮೊಳೆಯಲು ಬೆಳಕು ಬೇಕು. ಮೇಲೆ ಉದುರಿಸಿ, ಅಂಗೈಯಲ್ಲಿ ಒತ್ತಿ, ನೀರು ಚಿಮುಕಿಸಿದರೆ ಸಾಕು. ಹವೆ 20ರಿಂದ 24 ಡಿಗ್ರಿ ಇದ್ದರೆ ಎರಡು ವಾರದ ಒಳಗೇ ಮೊಳಕೆ ಕಾಣುತ್ತದೆ.

ಆದರೆ ಬೀಜ ಎಲ್ಲಿಂದ ಬರಬೇಕು? ತೆನೆಯನ್ನೆಲ್ಲ ಸರಿಯಾದ ಹೊತ್ತಿಗೆ ಕತ್ತರಿಸುತ್ತಿದ್ದರೆ ಬೀಜ ಸಿಗುವುದಿಲ್ಲವಲ್ಲ. ಹಾಗಾಗಿ ಸೀಸನ್ನಿನ ಕೊನೆಗೆ ಒಳ್ಳೆ ಗಿಡ ಒಂದನ್ನು ಆರಿಸಿ, ಅದರ ಒಂದೆರಡು ತೆನೆ ಬಿಟ್ಟುಬಿಡುತ್ತೇನೆ. ತೆನೆಯ ಬುಡದ ಬಟ್ಟಲು ಮೊದಲು ಬಲಿಯುತ್ತದೆ, ತುದಿ ಆಮೇಲೆ. ಬಟ್ಟಲಿನ ಬಾಯಿ ತೆರೆದೇ ಇರುವುದರಿಂದ ಬಲಿತ ಬೀಜ ಗಾಳಿಗೆ ಉದುರಿಹೋಗುತ್ತದೆ, ಆಗ ಮಣ್ಣಲ್ಲಿ ಹುಡುಕಿದರೂ ಸಿಗುವುದಿಲ್ಲ. ತೆಳು ಬಟ್ಟೆಯ ಚೀಲ ಕಟ್ಟಿದರೆ ಉಳಿಯುತ್ತದೆ. ಮಿಶ್ರತಳಿಯ ಬೀಜ ಆದರೆ ಮಕ್ಕಳು ತಾಯಿಯಂತೆ ಇರುವುದಿಲ್ಲ, ಅಂಥ ಗಿಡಕ್ಕೆ ಕಡ್ಡಿಯೇ ಸರಿ. ಸದ್ಯ ನಮ್ಮ ಮನೆಯ ಸಾಲಿನ ತುದಿಯ ಕುಂಡದಲ್ಲಿ ಅಂಥ ಎರಡು ತೆನೆ ಚೀಲ ಹಾಕಿಕೊಂಡು ನಿಂತಿವೆ, ಬಿಳಿ ದಾರ ಕಟ್ಟಿದ್ದೇನೆ. ಕತ್ತರಿ ಹಿಡಿದು ಹೊರಟವರು ಅವೆರಡನ್ನು ಮಾತ್ರ ಮುಟ್ಟಬಾರದು ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.